ಬಿಲ್ ನೋಡಬೇಡಿ, ತೊಟ್ಟಿ ನೋಡಿ

ಕಡಿಮೆ ಖರ್ಚಿನಲ್ಲಿ ಅಕ್ವೇರಿಯಂ ಕಟ್ಟುವ ಸ್ಪರ್ಧೆ ಅಂತ ಇಟ್ಟುಕೊಳ್ಳಿ. ಮಿತಿ 2,000 ರೂಪಾಯಿ. ದುಡ್ಡಿಲ್ಲದ ಮನೆಯ ಮಕ್ಕಳೂ ಬರಲಿ ಅನ್ನುವುದೇ ಉದ್ದೇಶ, ಒಳ್ಳೆಯದೇ. ಆದರೆ ನಿಯಮಗಳ ಕೊನೆಗೆ ಒಂದು ಸಾಲು ಸೇರಿಸುತ್ತಾರೆ: ಮನೆಯಲ್ಲಿ ಮೊದಲೇ ಇರುವ ಸಾಮಾನು ಲೆಕ್ಕಕ್ಕಿಲ್ಲ. ಅಲ್ಲಿಗೆ ಮಿತಿಯ ಕಥೆ ಮುಗಿಯಿತು.

ಒಬ್ಬನ ಮನೆಯಲ್ಲಿ ಎರಡು ಅಡಿಯ ಗಾಜಿನ ತೊಟ್ಟಿ, ಕ್ಯಾನಿಸ್ಟರ್ ಫಿಲ್ಟರ್, ಗಿಡಗಳಿಗೆಂದೇ ಮಾಡಿದ ಎಲ್‌ಇಡಿ ದೀಪ, ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಎಲ್ಲ ಇವೆ. ಅವನು 2,000 ರೂಪಾಯಿಯನ್ನೂ ಗಿಡ, ಮೀನಿಗೇ ಸುರಿಯುತ್ತಾನೆ. ಮೊದಲ ಸಲ ಬಂದ ಹುಡುಗಿಗೆ ಗಾಜು, ಸಿಲಿಕೋನ್ ಅಂಟು, ಏರ್ ಪಂಪು, ಸ್ಪಾಂಜ್ ಫಿಲ್ಟರ್ ಕೊಳ್ಳುವಷ್ಟರಲ್ಲಿ ಕೈ ಖಾಲಿ. ಸಕ್ಕರೆ, ಯೀಸ್ಟ್ ಕಲಸಿದ ಹಳೇ ಬಾಟಲಿಯಿಂದಲೇ ಗಿಡಗಳಿಗೆ ಗ್ಯಾಸ್ ಕೊಡುತ್ತಾಳೆ. ತೀರ್ಪುಗಾರರ ಹಾಳೆಯಲ್ಲಿ ಮಾತ್ರ ಇಬ್ಬರದೂ 2,000 ರೂಪಾಯಿಯ ತೊಟ್ಟಿ!

ನಮ್ಮೂರ ಕಬಡ್ಡಿ ಪಂದ್ಯ ನೆನಪಿಸಿಕೊಳ್ಳಿ. 55 ಕೆ.ಜಿ. ವಿಭಾಗ ಅಂದರೆ ತಕ್ಕಡಿ ಮೇಲೆ ನಿಲ್ಲಿಸಿ ತೂಗುತ್ತಾರೆ. ‘ಈ ಹತ್ತು ಕೆ.ಜಿ. ಹೋದ ವರ್ಷವೇ ಬಂದದ್ದು, ಬಿಟ್ಟುಬಿಡಿ’ ಅಂದರೆ ಯಾರಾದರೂ ಒಪ್ಪುತ್ತಾರಾ?

ಹಳೇ ಹವ್ಯಾಸಿಗಳನ್ನು ಹೊರಗಿಡಬೇಕಾ ಅಂತ ಕೇಳುವವರಿದ್ದಾರೆ. ಬೇಡ. ಅವರಿಗೆ ಮಿತಿಯಿಲ್ಲದ ಮುಕ್ತ ವಿಭಾಗ ಮಾಡಿ. ವರ್ಷಗಟ್ಟಲೆ ಕಲಿತ ಕೈಚಳಕಕ್ಕೆ ನಮ್ಮ ತಕರಾರಿಲ್ಲ. ಸಿಲಿಂಡರನ್ನು ಸೊನ್ನೆ ರೂಪಾಯಿ ಅಂತ ಬರೆಯುವುದಕ್ಕೆ ತಕರಾರು.

ಇನ್ನೊಂದು ಕಿಂಡಿ, ‘ಪ್ರಕೃತಿಯಲ್ಲಿ ಸಿಕ್ಕಿದ್ದು ಉಚಿತ’ ಅನ್ನುವುದು. ಒಣ ಕೊರಡು ತಂದರೆ ಸರಿ. ಆದರೆ ಹೊಳೆಯ ಮೀನನ್ನೂ ಇದೇ ಲೆಕ್ಕದಲ್ಲಿ ಹಿಡಿದು ತರುತ್ತಾರೆ. ಅಂಗಡಿಯವರು ಮಿಸ್ ಕೇರಳ ಅನ್ನುವ ಕೆಂಪು ಪಟ್ಟೆಯ ಮೀನು ನಮ್ಮ ಪಶ್ಚಿಮ ಘಟ್ಟದ್ದೇ. ಅಕ್ವೇರಿಯಂಗಾಗಿ ಹಿಡಿದೂ ಹಿಡಿದೂ ಅದು ಇವತ್ತು ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದು ಉಚಿತವಾ?

ದುಡ್ಡು ಉಳಿಸುವ ಆಟದಲ್ಲಿ ಸಾಯುವುದೂ ಮೀನೇ. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಬೆಳಿಗ್ಗೆ ಕಟ್ಟಿ ಸಂಜೆ ಬಹುಮಾನ ಕೊಟ್ಟರೆ ಫಿಲ್ಟರ್ ಇಲ್ಲದವನೂ ಗೆಲ್ಲುತ್ತಾನೆ, ಮನೆಗೆ ಹೋಗುವಷ್ಟರಲ್ಲಿ ಮೀನು ಮೇಲೆ ತೇಲುತ್ತದೆ.

ಸಂಘಟಕರು ಮಾಡಬೇಕಾದ್ದು ಇಷ್ಟೇ. ತೊಟ್ಟಿಯಲ್ಲಿರುವ ಪ್ರತಿ ಸಾಮಾನಿಗೂ, ಹೊಸದಾಗಲಿ ಹಳೆಯದಾಗಲಿ, ಎಲ್ಲರಿಗೂ ಒಂದೇ ದರಪಟ್ಟಿ ಹಾಕಲಿ. ಹೊಳೆಯಿಂದ ಹಿಡಿದ ಮೀನು ಬೇಡವೆನ್ನಲಿ. ಕಟ್ಟಿ ಎರಡು ತಿಂಗಳಾದ ಮೇಲೆ, ಮೀನು ಆರೋಗ್ಯವಾಗಿದೆಯಾ ನೋಡಿ ಅಂಕ ಕೊಡಲಿ.

ಇಂಥ ಸ್ಪರ್ಧೆಯ ಪಾಂಪ್ಲೆಟ್ ನಿಮ್ಮ ವಾಟ್ಸಾಪಿಗೆ ಬಂದರೆ ಬಹುಮಾನದ ಮೊತ್ತಕ್ಕಿಂತ ಮೊದಲು ಆ ಕೊನೆಯ ಸಾಲು ಓದಿ. ಹೆಸರು ಕೊಡುವ ಮುಂಚೆ ಫೋನ್ ಮಾಡಿ ಕೇಳಿ: ಲೆಕ್ಕ ಹಾಕುವುದು ಬಿಲ್ಲನ್ನೋ, ತೊಟ್ಟಿಯನ್ನೋ?