ಕೌಜುಗ ಕಡಿಮೆಯಾದದ್ದಕ್ಕೆ ಗಿಡುಗ ಹೊಣೆಯೇ?



ದೀಪಾವಳಿ ಕಳೆದ ಮೇಲೆ ಕಲಬುರಗಿಯಿಂದ ಕಮಲಾಪುರದ ಕಡೆ ಹೊರಟರೆ, ತೊಗರಿ ಮತ್ತು ಹಿಂಗಾರಿ ಜೋಳದ ಹೊಲಗಳ ಮೇಲೆ ಉದ್ದ ರೆಕ್ಕೆಯ ಹಕ್ಕಿಯೊಂದು ಬೆಳೆಗೆ ತಾಗುವಷ್ಟು ಕೆಳಗೆ ತೇಲಿ ಹೋಗುವುದನ್ನು ನೀವು ನೋಡಿರಬಹುದು. ಅದು ಸೆಳೆವ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಚಳಿಗಾಲ ಕಳೆಯಲು ಬರುವ ಅತಿಥಿ. ಹೊಲದಲ್ಲಿ ಕೌಜುಗ, ಬುರ್ಲಿ, ಮೊಲ ಮೊದಲಿನಷ್ಟು ಕಾಣುತ್ತಿಲ್ಲ, ಎಲ್ಲವನ್ನೂ ಈ ಗಿಡುಗಗಳೇ ತಿಂದವು ಎಂಬ ದೂರು ಆಗಾಗ ಕೇಳಿಬರುತ್ತದೆ. ಇದನ್ನು ಒಪ್ಪುವುದು ನನಗೆ ಕಷ್ಟ.

ಲೆಕ್ಕ ಹಾಕಿ ನೋಡಿ. ಕೌಜುಗ ಮರಿ ಮಾಡುವುದು ಹೆಚ್ಚಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಸೆಳೆವ ಬರುವುದು ಅಕ್ಟೋಬರ್ ಹೊತ್ತಿಗೆ, ಹೋಗುವುದು ಏಪ್ರಿಲ್ ಒಳಗೆ. ಎಳೆಯ ಮರಿಗಳು ಬದುವಿನಲ್ಲಿ ಓಡಾಡುವಾಗ ಅದು ಇಲ್ಲಿರುವುದೇ ಇಲ್ಲ. ಇದ್ದಾಗಲೂ ಮಿಡತೆ, ಓತಿಕ್ಯಾತ, ಇಲಿ, ಸಣ್ಣ ಹಕ್ಕಿಗಳೇ ಅದರ ಊಟ. ಅರ್ಧ ಕಿಲೋ ಆಸುಪಾಸಿನ ಹಕ್ಕಿ ಬೆಳೆದ ಮೊಲವನ್ನು ಹೊತ್ತೊಯ್ಯುವುದುಂಟೇ? ಇನ್ನು ವರ್ಷವಿಡೀ ಇಲ್ಲೇ ಇದ್ದು, ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ರಾಮದಾಸ ಹದ್ದು ನಿಮ್ಮ ಇಲಿಗಳ ಮೇಲೆ ಬದುಕುವ ಹಕ್ಕಿ. ಬಿಜ್ಜು ಮಾತ್ರ ಅಂಗಳದ ಕೋಳಿಮರಿ ಎತ್ತುವುದು ನಿಜ. ಅದಕ್ಕೆ ಬುಟ್ಟಿ ಮುಚ್ಚಿದರೆ ಸಾಕು, ಕವಣೆ ಬೇಡ.

ಹಾಗೆಂದು ಬೇಟೆಹಕ್ಕಿಯಿಂದ ಏನೂ ಆಗದು ಎನ್ನಲಾರೆ. ಸ್ಕಾಟ್ಲೆಂಡ್‌ನ ಲ್ಯಾಂಗ್‌ಹೋಮ್‌ನಲ್ಲಿ 1992ರಿಂದ 1997ರವರೆಗೆ ನಡೆದ ಅಧ್ಯಯನದಲ್ಲಿ ಸೆಳೆವಗಳು ಗ್ರೌಸ್ ಹಕ್ಕಿಗಳ ಸಂಖ್ಯೆಯನ್ನು ತಗ್ಗಿಸಿದ್ದು ಕಂಡಿತು. ಆದರೆ ಅಲ್ಲಿ ಸೆಳೆವ ಅದೇ ಬಯಲಿನಲ್ಲಿ ಗೂಡು ಕಟ್ಟಿ, ಗ್ರೌಸ್ ಮರಿಗಳನ್ನೇ ತನ್ನ ಮರಿಗಳಿಗೆ ಉಣಿಸುತ್ತದೆ. ನಮ್ಮಲ್ಲಿ ಹಾಗಿಲ್ಲ.

ನಮಗೆ ಹತ್ತಿರದ ಪಾಠ ಇಂಗ್ಲೆಂಡಿನ ಸಸೆಕ್ಸ್‌ನದು. ಅಲ್ಲಿ ಕೌಜುಗದ ಜಾತಿಯ ಹಕ್ಕಿ ಏಕೆ ಕುಸಿಯಿತೆಂದು ಡಿಕ್ ಪಾಟ್ಸ್ 1960ರ ದಶಕದ ಕೊನೆಯಿಂದ ಹುಡುಕಿದರು. ಕಳೆನಾಶಕದಿಂದ ಕಳೆ ಸತ್ತಿತು, ಕಳೆಯ ಜೊತೆ ಹುಳು ಹೋಯಿತು, ಮೊದಲ ಎರಡು ವಾರ ಹುಳುವನ್ನೇ ನಂಬಿದ ಮರಿಗಳು ಹಸಿವಿನಿಂದ ಸತ್ತವು. ನಮ್ಮ ಕೌಜುಗದ ಮರಿಗೂ ಹುಳು, ಗೆದ್ದಲು ಬೇಕು. ಗೂಡಿಗೆ ಹುಲ್ಲು, ರಾತ್ರಿ ಕೂರಲು ಮುಳ್ಳುಗಿಡ ಬೇಕು. ಬದು ಅಗೆದು ಸಾಲಿಗೆ ಸೇರಿಸಿದ ಮೇಲೆ, ಬೋರೆ ಜಾಲಿ ಕಡಿದ ಮೇಲೆ, ಕಾಯಿಕೊರಕಕ್ಕೆಂದು ತೊಗರಿಗೆ ಮೇಲಿಂದ ಮೇಲೆ ಔಷಧ ಹೊಡೆದ ಮೇಲೆ ಅದು ಎಲ್ಲಿರಬೇಕು? ಉಳಿದದ್ದನ್ನು ಉರುಲು, ಬಲೆ ಹಾಕಿ ಹಿಡಿದು ಮಾರುವವರಿದ್ದಾರೆ. ಗಿಡುಗನ ಮೇಲೆ ದೂರು ಹೇಳುವ ಬಾಯಿ ಅವರ ಬಗ್ಗೆ ಏಕೋ ಸುಮ್ಮನಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಕೌಜುಗ, ಮೊಲ, ಗಿಡುಗ ಯಾವುದನ್ನು ಕೊಂದರೂ ಅಪರಾಧವೇ.

ಬ್ರೊಮಾಡಿಯೊಲೋನ್ ಹಾಕಿ ಇಲಿ ಕೊಲ್ಲುವವರಿಗೆ ಇನ್ನೊಂದು ಮಾತು. ವಿಷ ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ತೂಕಡಿಸುತ್ತ ತಿರುಗುತ್ತದೆ. ಅದನ್ನು ತಿಂದ ಗೂಬೆ, ಗಿಡುಗಕ್ಕೂ ವಿಷವೇರುತ್ತದೆ. ಸತ್ತ ಇಲಿಗಳನ್ನು ದಿನಾ ಆರಿಸಿ ಆಳವಾಗಿ ಹೂಳಿರಿ. ಈ ಸಲ ರಾಶಿ ಮುಗಿದ ಮೇಲೆ ಬದುವಿಗೆ ಬೆಂಕಿ ಹಚ್ಚದೆ, ಒಂದು ಬದುವಿನ ಹುಲ್ಲನ್ನಾದರೂ ಮುಂದಿನ ಮಳೆಗಾಲ ಮುಗಿಯುವವರೆಗೆ ಹಾಗೇ ಬಿಟ್ಟು, ಬೆಳಗಿನ ಹೊತ್ತು ಅಲ್ಲಿ ಕೌಜುಗದ ಕೂಗು ಕೇಳುತ್ತದೆಯೇ ಎಂದು ಕಿವಿಗೊಡಿ.