ಬೈಕ್ ತರಬೇತಿಗೆ ಹಣ ಕೊಡಬೇಕೇ? ಗಡಿನಾಡಿನ ಕುಟುಂಬಗಳ ಮುಂದಿನ ಲೆಕ್ಕ

ಹತ್ತನೆಯ ತರಗತಿ ಮುಗಿದೊಡನೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಓದು ಊರಿನ ಗಡಿ ದಾಟುತ್ತದೆ. ಅಗಳಿ, ರೊಳ್ಳ, ಮಡಕಶಿರಾ ಕಡೆಯವರು ಹಿಂದೂಪುರಕ್ಕೋ ಶಿರಾಕ್ಕೋ ಹೋಗಬೇಕು. ಹಿಂದೂಪುರದವರಿಗೆ ಗೌರಿಬಿದನೂರು ಹತ್ತಿರ. ಕಲ್ಯಾಣದುರ್ಗದವರಿಗೆ ಅನಂತಪುರ ಅಥವಾ ಪಾವಗಡ. ಬಸ್ಸಿನ ವೇಳೆ ಕಾಲೇಜಿನ ವೇಳೆಗೆ ಹೊಂದದಿದ್ದಾಗ ಅಪ್ಪನ ಬೈಕ್ ಮಗನ ಕೈಗೆ ಬರುತ್ತದೆ. ಅದನ್ನು ಕಲಿಸುವವರು ಸಾಮಾನ್ಯವಾಗಿ ಅಣ್ಣ, ಚಿಕ್ಕಪ್ಪ ಅಥವಾ ಸ್ನೇಹಿತ. ಕಲಿಯುವ ಸ್ಥಳ ಕೆರೆಯ ಏರಿ ಇಲ್ಲವೇ ಶಾಲೆಯ ಬಯಲು. ಖರ್ಚು ಪೆಟ್ರೋಲಿನದು ಮಾತ್ರ. ಹೀಗಿರುವಾಗ ಸವಾರಿ ಕಲಿಯಲು ಶುಲ್ಕ ತೆರುವುದು ಅಗತ್ಯವೇ ಎಂಬ ಪ್ರಶ್ನೆ ಸಹಜವಾದುದು.

ಕಾನೂನು ಇಲ್ಲಿ ಕುಟುಂಬವನ್ನು ಒತ್ತಾಯಿಸುವುದಿಲ್ಲ. ಸ್ವಂತ ಬಳಕೆಯ ದ್ವಿಚಕ್ರ ವಾಹನದ ಪರವಾನಗಿಗೆ ತರಬೇತಿ ಶಾಲೆಯ ಪ್ರಮಾಣಪತ್ರ ಬೇಕಿಲ್ಲ. ಎಲ್‌ಎಲ್‌ಆರ್ ಪಡೆದು 30 ದಿನ ಕಳೆದ ಮೇಲೆ, ಅದರ ಆರು ತಿಂಗಳ ಅವಧಿಯೊಳಗೆ ಪರೀಕ್ಷೆಗೆ ಹಾಜರಾಗಬಹುದು. ಆ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಕಾಲೂರದೆ ನಿಧಾನವಾಗಿ ಓಡಿಸಿ ತೋರಿಸುವುದೇ ಮುಖ್ಯವೆಂದು ಎಲ್ಲರೂ ತಿಳಿದಿದ್ದಾರೆ. ಅದು ಸಮತೋಲನದ ಪರೀಕ್ಷೆ. ರಸ್ತೆಯಲ್ಲಿ ಜೀವ ಹೋಗುವುದು ಮಾತ್ರ ಬಹುಮಟ್ಟಿಗೆ ಸಮತೋಲನ ತಪ್ಪಿದ್ದರಿಂದಲ್ಲ. ವೇಗದಿಂದ, ತಡವಾಗಿ ಹಿಡಿದ ಬ್ರೇಕಿನಿಂದ, ಬರಿದಲೆಯಿಂದ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರು 50,029. ಇವರಲ್ಲಿ ಹಿಂದೆ ಕುಳಿತವರೇ 14 ಸಾವಿರಕ್ಕೂ ಹೆಚ್ಚು.

ತರಬೇತಿಯಿಂದ ಅಪಘಾತ ತಗ್ಗುತ್ತದೆಯೇ? ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದ 2010ರ ಕಾಕ್ರೇನ್ ವಿಮರ್ಶೆಯು, ಬೈಕ್ ತರಬೇತಿಯ ಫಲವನ್ನು ಖಚಿತವಾಗಿ ಹೇಳಲು ಸಾಕಷ್ಟು ಪುರಾವೆ ಇಲ್ಲವೆಂದಿತು. ಅದೇ ಸಂಸ್ಥೆಯ ಇನ್ನೊಂದು ವಿಮರ್ಶೆ ಹೆಲ್ಮೆಟ್ಟಿನ ವಿಷಯದಲ್ಲಿ ಸ್ಪಷ್ಟವಾಗಿದೆ: ಸಾವಿನ ಅಪಾಯ ಸುಮಾರು ಶೇ. 42, ತಲೆಗೆ ಪೆಟ್ಟು ಬೀಳುವ ಅಪಾಯ ಶೇ. 69 ಇಳಿಯುತ್ತದೆ. ನಾರ್ವೆಯಲ್ಲಿ ಕಾರು ಕಲಿಯುವ ಯುವಕರಿಗೆ ಜಾರು ರಸ್ತೆಯಲ್ಲಿ ವಾಹನ ಹಿಡಿತಕ್ಕೆ ತರುವ ಪಾಠ ಹೇಳಿದಾಗ ಅಪಘಾತಗಳು ಹೆಚ್ಚಿದ ಉದಾಹರಣೆಯೂ ಉಂಟು. ಕೈ ಪಳಗಿದಂತೆ ಧೈರ್ಯವೂ ಅತಿಯಾಯಿತೆಂಬುದು ಸಂಶೋಧಕರು ಕೊಟ್ಟ ಕಾರಣ. ಹದಿನೆಂಟರ ಹುಡುಗರಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಅದು ಮೊದಲು ಐಎಸ್‌ಐ ಗುರುತಿನ ಎರಡು ಹೆಲ್ಮೆಟ್‌ಗಳಿಗೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಎರಡು, ಏಕೆಂದರೆ ತಂಗಿ ಹಿಂದೆ ಕೂರುತ್ತಾಳೆ.

ಹಾಗೆಂದು ತರಬೇತಿ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಏನನ್ನು ಕಲಿಸುತ್ತಾರೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಗಂಟೆಗೆ 60 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿಗೆ ಹದಿನಾರು ಮೀಟರ್‌ಗಿಂತ ಹೆಚ್ಚು ಸಾಗುತ್ತದೆ. ಸವಾರ ಎಚ್ಚೆತ್ತು ಬ್ರೇಕ್ ಮುಟ್ಟುವಷ್ಟರಲ್ಲಿ ಅಷ್ಟು ದೂರ ಹೋಗಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಮಡಿ. ಮುಂದಿನ ಬ್ರೇಕ್ ಹಿಡಿದರೆ ಬಿದ್ದೇ ಬೀಳುತ್ತೀಯೆ ಎಂದು ಮನೆಯಲ್ಲಿ ಕಲಿಸುತ್ತೇವೆ. ವಾಸ್ತವದಲ್ಲಿ ಬೈಕನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಅದನ್ನು ಹಂತಹಂತವಾಗಿ ಒತ್ತುವುದನ್ನು ಅಭ್ಯಾಸದಿಂದಲೇ ಕಲಿಯಬೇಕು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ಹುರುಳಿ, ರಾಗಿಯ ಹುಲ್ಲಿನ ಮೇಲೆ ಹೋಗುವುದು ಹೇಗೆ, ರಾತ್ರಿ ದೀಪವಿಲ್ಲದೆ ನಿಂತ ಟ್ರಾಕ್ಟರನ್ನು ಗುರುತಿಸುವುದು ಹೇಗೆ, ಹಳ್ಳಿಯ ದಾರಿಯಿಂದ ಹೆದ್ದಾರಿಗೆ ಸೇರುವುದು ಹೇಗೆ ಎಂಬುದನ್ನು ಕಲಿಸುವವರಿದ್ದರೆ ಹಣ ಕೊಡಲು ಹಿಂಜರಿಯಬೇಕಿಲ್ಲ. ಎಂಟು ಹಾಕಿಸಿ, ಅರ್ಜಿ ತುಂಬಿಸಿ ಕಳುಹಿಸುವುದಷ್ಟೇ ಆದರೆ ಅದು ಕಾಗದದ ಕೆಲಸದ ಕೂಲಿ; ತರಬೇತಿಯ ಶುಲ್ಕವಲ್ಲ.

ವಯಸ್ಸಿನ ಮಾತನ್ನು ಮರೆಯುವಂತಿಲ್ಲ. ಹದಿನಾರಕ್ಕೆ, ಪೋಷಕರ ಒಪ್ಪಿಗೆಯೊಡನೆ, ಸಿಗುವ ಪರವಾನಗಿ 50 ಸಿಸಿವರೆಗಿನ ಗೇರ್ ಇಲ್ಲದ ವಾಹನಕ್ಕೆ ಮಾತ್ರ. ಮನೆಗಳಲ್ಲಿರುವ 110, 125 ಸಿಸಿಯ ಸ್ಕೂಟರ್‌ಗಳು ಇದಕ್ಕೆ ಸೇರುವುದಿಲ್ಲ. ಅವಕ್ಕೆ ಹದಿನೆಂಟು ತುಂಬಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆಮನೆ ವಾಸ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ಪರವಾನಗಿ ಇಲ್ಲದವನ ಕೈಯಿಂದ ಬೇರೊಬ್ಬರಿಗೆ ಅಪಘಾತವಾದರೆ, ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಮಂಡಳಿಗಳು ಆದೇಶಿಸುವುದುಂಟು. ಒಂದೆರಡು ಎಕರೆ ಕಡಲೆಕಾಯಿ ಹೊಲವಿರುವ ಮನೆಗೆ ಅದನ್ನು ತಡೆದುಕೊಳ್ಳುವ ಶಕ್ತಿ ಎಲ್ಲಿದೆ? ಎಲ್‌ಎಲ್‌ಆರ್ ಇದ್ದವನೂ ಕಲಿಸುವವರ ಹೊರತು ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ.

ಗಡಿಯವರಾದ ನಮಗೆ ಉಪಯೋಗವಾಗುವ ಒಂದು ಅವಕಾಶ ಕಾನೂನಿನಲ್ಲಿದೆ. ಮೋಟಾರು ವಾಹನ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ತಾವು ವಾಸಿಸುವ ರಾಜ್ಯದಲ್ಲಿ ಮಾತ್ರವಲ್ಲ, ತರಬೇತಿ ಪಡೆಯಲಿರುವ ಮಾನ್ಯ ಶಾಲೆ ಇರುವ ರಾಜ್ಯದಲ್ಲಿಯೂ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಬಹುದು. ರಸ್ತೆ ಚಿಹ್ನೆಗಳ, ನಿಯಮಗಳ ಪಾಠವನ್ನು ಓದಿದ ಭಾಷೆಯಲ್ಲೇ ಕೇಳಬೇಕೆನ್ನುವ ಹಿಂದೂಪುರದ ವಿದ್ಯಾರ್ಥಿ ಗೌರಿಬಿದನೂರಿನ ಕಡೆ ವಿಚಾರಿಸಬಹುದು, ಮಡಕಶಿರಾದವರು ಶಿರಾದಲ್ಲಿ. ಸೇರುವ ಮುನ್ನ ಆ ಶಾಲೆಗೆ ಸಾರಿಗೆ ಇಲಾಖೆಯ ಪರವಾನಗಿ ಇದೆಯೇ, ಅದರಲ್ಲಿ ದ್ವಿಚಕ್ರ ವಾಹನವೂ ಸೇರಿದೆಯೇ, ಬ್ರೇಕಿನ ಅಭ್ಯಾಸವನ್ನು ಎಷ್ಟು ದಿನ ಮಾಡಿಸುತ್ತಾರೆ ಎಂದು ಕೇಳಿ ತಿಳಿದುಕೊಂಡು, ಹಣಕ್ಕೆ ರಸೀದಿ ಪಡೆಯತಕ್ಕದ್ದು.