ಸಾಲಿ ಸಮಿತಿಯ ಖುರ್ಚಿ ಯಾರದು?

ಅಕ್ಕಾರ, ತಂಗ್ಯಾರ, ವೈನಿಯವರ, ಈ ಸಲ ಅಡಗಿಮನಿ ಮಾತು ಬದಿಗಿಟ್ಟು ಸಾಲಿ ಮಾತು ಬರಿಯಾಕತ್ತೀನಿ. ಇದೂ ಮನಿ ಮಾತ. ಸಾಲಿಗೆ ಹೋಗೋ ಕೂಸು ನಮ್ಮ ಮನಿಯಿಂದನ ಹೋಗ್ತೈತಿ, ಹೊಳ್ಳಿ ನಮ್ಮ ಮನಿಗೇ ಬರ್ತೈತಿ.

ಸರಕಾರಿ ಸಾಲಿಗೆ ಒಂದು ಸಮಿತಿ ಇರ್ತೈತಿ. ಹಾಳಿ ಮ್ಯಾಲ ಅದರ ಹೆಸರು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಎಲ್ಲಾರೂ ಅನ್ನೂದು ಎಸ್‌ಡಿಎಂಸಿ. ಅದರ ಸದಸ್ಯರ ಯಾದಿ ತಗೊಂಡು ಹೆಸರು ಎಣಿಸಿ ನೋಡ್ರಿ, ಅರ್ಧ ಹೆಂಗಸರ ಹೆಸರು ಇರ್ತಾವು. ಇನ್ನ ಮೀಟಿಂಗ್ ದಿನ ಹೋಗಿ ತಲಿ ಎಣಿಸಿ ನೋಡ್ರಿ. ಬಾಳ ಕಡೆ ಆಕಿ ಬದಲಿ ಗಂಡ ಬಂದಿರ್ತಾನ, ಇಲ್ಲಾ ಮೈದುನ ಬಂದಿರ್ತಾನ. ಆಕಿ ಸಹಿ ಮಾತ್ರ ಬೇಕು, ಅದಕ್ಕ ಠರಾವ್ ಬುಕ್ಕು ಸಂಜಿಕಿ ಮನಿಗೇ ಬರ್ತೈತಿ. ರೊಟ್ಟಿ ಬಡಿಯೋ ಕೈ ತೊಳಕೊಂಡು ಆಕಿ ಸಹಿ ಮಾಡ್ತಾಳ. ಏನು ಠರಾವ್ ಆತು ಅಂತ ಆಕಿ ಕೇಳಂಗಿಲ್ಲ, ಬುಕ್ಕು ತಂದವರೂ ಹೇಳಂಗಿಲ್ಲ.

ನನ್ನ ಮಾತು ಇಷ್ಟ. ಮಕ್ಕಳ ಓದಿನ ಸಲುವಾಗಿ ಊರಾಗ ಯಾವ ಸಮಿತಿ ಇರಲಿ, ಯಾವ ಸಂಘ ಇರಲಿ, ಅದರ ಮುಂದಾಳು ಆಗಬೇಕಾದಾಕಿ ಆ ಸಾಲ್ಯಾಗ ಕೂಸು ಕೂಡಿಸಿದ ತಾಯಿ. ರೊಕ್ಕ ಇದ್ದವರು ಅಲ್ಲ, ಭಾಷಣ ಬರೋರು ಅಲ್ಲ. ಮಕ್ಕಳನ್ನ ಇಂಗ್ಲಿಷ್ ಸಾಲಿಗೆ ಹಾಕಿ ಸರಕಾರಿ ಸಾಲಿ ಬಗ್ಗೆ ಚಿಂತಿ ಮಾಡೋ ನಮ್ಮಂಥ ಓದಿದ ಬಾಯಾರೂ ಅಲ್ಲ.

ಕಾಯದೆ ಏನ ಹೇಳ್ತೈತಿ ಅಂತ ಮೊದಲ ನೋಡೂಣು. ನಮ್ಮ ರಾಜ್ಯದಾಗ ಎಸ್‌ಡಿಎಂಸಿ ಬಂದದ್ದು 2001ರಾಗ, ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಸಲಹಿ ಕೊಟ್ಟ ಮ್ಯಾಲ. ಆಮ್ಯಾಲ ಇಡೀ ದೇಶಕ್ಕ ಶಿಕ್ಷಣ ಹಕ್ಕು ಕಾಯದೆ ಬಂತು. ಅದು 2009ರ ಕಾಯದೆ, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕ. ಅದರ 21ನೇ ಕಲಮು ಸ್ಪಷ್ಟ ಐತಿ: ಸಮಿತಿಯೊಳಗ ನಾಕರಾಗ ಮೂರು ಪಾಲು ತಂದಿ-ತಾಯಿ ಇಲ್ಲಾ ಪೋಷಕರು ಇರಬೇಕು, ಒಟ್ಟು ಸದಸ್ಯರಾಗ ಅರ್ಧ ಹೆಂಗಸರು ಇರಬೇಕು, ಬಡವರ ಮತ್ತು ಹಿಂದುಳಿದವರ ಮಕ್ಕಳ ತಂದಿ-ತಾಯಿಗೆ ಅವರ ಪಾಲಿನಷ್ಟು ಜಾಗ ಸಿಗಬೇಕು. ಕೆಲಸಾನೂ ಹೇಳೈತಿ: ಸಾಲಿ ಹೆಂಗ ನಡದೈತಿ ಅಂತ ನೋಡೂದು, ಸಾಲಿ ಅಭಿವೃದ್ಧಿ ಯೋಜನೆ ಮಾಡೂದು, ಬಂದ ರೊಕ್ಕ ಹೆಂಗ ಖರ್ಚಾತು ಅಂತ ಲಕ್ಷ್ಯ ಇಡೂದು. ಆಗಸ್ಟ್ 15ಕ್ಕ ಧ್ವಜದ ಮುಂದ ನಿಂತು ಫೋಟೋ ತಗಸೂದು ಆ ಕಲಮಿನ್ಯಾಗ ಎಲ್ಲೂ ಇಲ್ಲ.

ನಮ್ಮ ಕಡೆ ಸಾಲಿ ಅಂದ್ರ ದಾನಿಗಳ ಹೆಸರು ಮೊದಲ ನೆನಪಾಗ್ತಾವು. ಅದು ತಪ್ಪಲ್ಲ. ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿ ಮಕ್ಕಳ ಓದಿಗೆ ಬಿಟ್ಟು ಹೋದ್ರು, ಆ ಋಣ ಈ ಸೀಮಿ ಮ್ಯಾಲ ಇನ್ನೂ ಐತಿ. ಆದ್ರ ಬೆಳಗಾವ್ಯಾಗ 1916ರಾಗ ಕೆ.ಎಲ್.ಇ. ಸಂಸ್ಥೆ ಕಟ್ಟಿದವರು ಯಾರು? ಏಳು ಮಂದಿ ತರುಣ ಮಾಸ್ತರ್ರು. ದಾನಿಗಳು ಬೆನ್ನಿಗೆ ನಿಂತ್ರು, ಮುಂದ ನಿಂತವರು ದಿನಾ ವರ್ಗದೊಳಗ ಹುಡುಗರ ಮುಖ ನೋಡೋರು. ರೊಕ್ಕ ಕೊಡೋರು ಬೇಕ ಬೇಕು. ಆದ್ರ ದಾರಿ ಗೊತ್ತಿದ್ದವರು ಮುಂದ ನಡೀಬೇಕು. ಇವತ್ತು ಸರಕಾರಿ ಸಾಲಿ ದಾರಿ ಯಾರಿಗೆ ಗೊತ್ತೈತಿ? ಮುಂಜಾನೆ ಆ ಕೂಸಿನ ತಲಿ ಹಿಕ್ಕಿ ಕಳಸೋ ತಾಯಿಗೆ.

ನಮ್ಮ ನಾಕೂ ತಾಲೂಕಿನ ಸುದ್ದಿ ತಗೋರಿ. ಎಲ್ಲಾ ಕಡೆ ಸಾಲಿ ತಪ್ಪತೈತಿ, ಆದ್ರ ತಪ್ಪಸೋ ಕಾರಣ ಬ್ಯಾರೆ ಬ್ಯಾರೆ.

ಜಮಖಂಡಿ, ಮುಧೋಳ ಕಡೆ ಸಕ್ಕರಿ ಫ್ಯಾಕ್ಟರಿ ಸೀಜನ್ ಸುರು ಆತಂದ್ರ ಕಬ್ಬು ಕಡಿಯೋ ಗ್ಯಾಂಗ್ ಬರ್ತಾವು, ಮಹಾರಾಷ್ಟ್ರದ ಬೀಡ ಕಡಿಂದನೂ ಬರ್ತಾವು. ಹೊಲದ ಬದಿಗೆ ಜೋಪಡಿ. ತಂದಿ-ತಾಯಿ ನಸುಕಿನ್ಯಾಗ ಕುಡಗೋಲು ಹಿಡದು ಹೋಗ್ತಾರ, ಎಂಟು ವರ್ಷದ ಹುಡುಗಿ ಸಣ್ಣ ತಮ್ಮನ್ನ ಬಗಲಾಗ ಎತಗೊಂಡು ಜೋಪಡಿ ಕಾಯ್ತಾಳ. ಆಕಿ ಹೆಸರು ನಮ್ಮ ಸಾಲಿ ಹಾಜರಿ ಬುಕ್ಕಿನ್ಯಾಗ ಇರೂದಿಲ್ಲ. ಹಿಂಗಾಗಿ ಆಕಿ ಗೈರುಹಾಜರಿ ಯಾರ ಕಣ್ಣಿಗೂ ಬೀಳೂದಿಲ್ಲ. ಆದ್ರ ವಲಸೆ ಬಂದವರ ಮಕ್ಕಳನ್ನ ಸಾಲಿಗೆ ಸೇರಸೂದು ಸ್ಥಳೀಯ ಸಂಸ್ಥೆಯ ಕರ್ತವ್ಯ ಅಂತ ಅದ ಕಾಯದೆ ಹೇಳ್ತೈತಿ. ಹುಟ್ಟಿದ ದಾಖಲಿ ಇಲ್ಲ ಅಂತ ಹೊರಗ ನಿಲ್ಲಸಂಗಿಲ್ಲ, ವರ್ಷದ ನಡುವ ಬಂದ್ರೂ ಇಲ್ಲ ಅನ್ನಂಗಿಲ್ಲ. ಇದನ್ನ ಪಂಚಾಯತಿಗೆ ಹೋಗಿ ಹೇಳೋರು ಯಾರು? ಆ ಜೋಪಡಿಗೆ ಮೊದಲ ಮಾತಾಡ್ಸಾಕ ಹೋಗೋರು ಅದ ಹೊಲಕ್ಕ ಕೂಲಿಗೆ ಹೋಗೋ ನಮ್ಮೂರ ಹೆಂಗಸರು. ಕೂಸು ಎಷ್ಟು ಅದಾವು, ಏನ ವಯಸ್ಸು, ಎಲ್ಲಾ ಅವರಿಗೆ ಗೊತ್ತು.

ರಬಕವಿ-ಬನಹಟ್ಟಿ ಕಡೆ ಕೆಲಸ ಮನಿ ಒಳಗನ ಐತಿ. ಮಗ್ಗದ ಸಪ್ಪಳದಾಗ ಹುಟ್ಟಿದ ಕೂಸಿಗೆ ಕಂಡಿಕಿ ಸುತ್ತೂದು ಆಟ ಇದ್ದಂಗ. ಮದವಿ ಸೀಜನ್ನಿಗೆ ಸೀರಿ ಗಡಿಬಿಡಿ ಬಂದಾಗ ಆ ಆಟ ಕೆಲಸ ಆಗ್ತೈತಿ. ಸೋಮವಾರ ಸಾಲಿ ತಪ್ಪತೈತಿ, ಆಮ್ಯಾಲ ವಾರ ತಪ್ಪತೈತಿ. ಹೊರಗಿನ ಯಾವ ಅಧಿಕಾರಿ ಬಂದ್ರೂ ಇದು ಕಾಣಂಗಿಲ್ಲ, ಬಾಜು ಮನಿಯಾಕಿಗೆ ಕಾಣತೈತಿ. ನೇಕಾರಕಿ ಮನಿಗೆ ಹೋಗಿ ಇನ್ನೊಬ್ಬ ನೇಕಾರಕಿ ಕೇಳಿದ್ರ ಅದು ಚಾಡಿ ಆಗೂದಿಲ್ಲ. "ಎವ್ವಾ, ನನ್ನ ಮನ್ಯಾಗೂ ಇದ ಗಡಿಬಿಡಿ ಐತಿ, ಆದ್ರ ಹುಡುಗಿನ್ನ ನಾಳೆ ಕಳಸು" ಅನ್ನೋ ಹಕ್ಕು ಆಕಿಗೆ ಐತಿ. ನಾವು ಹೋಗಿ ಅಂದ್ರ "ನಿಮಗೇನ ಗೊತ್ತು ನಮ್ಮ ಹೊಟ್ಟಿ ಪಾಡು" ಅಂತಾರ, ಖರೇನೂ ಅಂತಾರ.

ಬೀಳಗಿ ಕಡೆ ಕೃಷ್ಣಾ ಹಿನ್ನೀರಿಗೆ ಊರು ಕೊಟ್ಟವರು ಪುನರ್ವಸತಿ ಕೇಂದ್ರಕ್ಕ ಬಂದು ಕುಂತಾರ. ಅಲ್ಲಿ ಹೆಣ್ಣುಮಕ್ಕಳ ಸಂಕಟ ಸಣ್ಣ ಸಾಲಿ ಮುಗದ ಮ್ಯಾಲ ಸುರು ಆಗ್ತೈತಿ. ಹೈಸ್ಕೂಲ್ ದೂರ ಇದ್ರ ಬಸ್ಸು ಬೇಕು. 2023ರ ಜೂನ್‌ದಾಗ ಶಕ್ತಿ ಯೋಜನೆ ಬಂದು ಟಿಕೀಟಿನ ರೊಕ್ಕ ಉಳೀತು, ಅದು ಛಲೋನ ಆತು. ಆದ್ರ ಸಾಲಿ ಬಿಡೋ ಹೊತ್ತಿಗೆ ಬಸ್ಸು ಬರಬೇಕಲ್ಲ? ಕತ್ತಲಾದ ಮ್ಯಾಲ ಬರೋ ಬಸ್ಸಿಗೆ ಯಾವ ತಾಯಿ ಮಗಳನ್ನ ಕಾಯಾಕ ಬಿಡ್ತಾಳ? ಮನ್ಯಾಗ ಕುಂತ ಹುಡುಗಿಗೆ ಮುಂದಿನ ಮಾತು ಮದವಿ. ಹದಿನೆಂಟು ತುಂಬೂಕಿಂತ ಮೊದಲ ಮದವಿ ಮಾಡೂದು 2006ರ ಕಾಯದೆ ಪ್ರಕಾರ ಅಪರಾಧ ಅಂತ ಗೋಡಿ ಮ್ಯಾಲ ಬರದ್ರ ಸಾಲೂದಿಲ್ಲ. ಬಸ್ಸಿನ ಟೈಮ್ ಬದಲಿ ಮಾಡ್ರಿ ಅಂತ ಡಿಪೋಕ್ಕ ಹತ್ತು ತಾಯಂದಿರು ಅರ್ಜಿ ಹಿಡಕೊಂಡು ಹೋದ್ರ ಅದು ಮದವಿ ತಪ್ಪಸೋ ಕೆಲಸ.

"ಇವೆಲ್ಲಾ ಮಾತಿಗೆ ಛಲೋ. ನಮ್ಮ ಹೆಂಗಸರಿಗೆ ಓದಾಕ ಬರಂಗಿಲ್ಲ, ಅವರು ಏನ ಮುಂದಾಳತನ ಮಾಡ್ತಾರ?" ಅಂತ ಕೇಳೋರು ಅದಾರ. ಗಂಡಸರಷ್ಟ ಅಲ್ಲ, ನಮ್ಮೊಳಗೂ ಅದಾರ.

ಅವರಿಗೆ ನಾನು ದೂರದ ಉದಾಹರಣಿ ಕೊಡಂಗಿಲ್ಲ. ನಮ್ಮ ಬಾಜೂಕ, ಗೋಕಾಕ ತಾಲೂಕಿನ ಘಟಪ್ರಭಾದಾಗ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅಂತ ಐತಿ, ಮಾಸ್ ಅಂತಾರ. ದೇವದಾಸಿ ಪದ್ಧತಿಯಿಂದ ಹೊರಗ ಬಂದ ಹೆಂಗಸರು ತೊಂಬತ್ತರ ದಶಕದಾಗ ಮೈರಾಡ ಸಂಸ್ಥೆ ಆಸರದಿಂದ ಕಟ್ಟಿದ್ದು. ಹೊರಗಿನವರು ಕೈ ಹಿಡದು ಕಲಿಸಿದ್ರು, ಆಮ್ಯಾಲ ನಡಸೂದನ್ನ ಅವರ ಕೈಗೇ ಬಿಟ್ರು. ಸಣ್ಣ ವಯಸ್ಸಿನ್ಯಾಗ ತಾವ ದೇವದಾಸಿ ಆಗಿದ್ದ ಸೀತವ್ವ ಜೋಡಟ್ಟಿ ಅದರ ಮುಂದಾಳು ಆಗಿ ನಿಂತ್ರು, 2018ರಾಗ ಅವರಿಗೆ ಪದ್ಮಶ್ರೀ ಬಂತು. 1982ರ ಕಾಯದೆ ದೇವದಾಸಿ ಬಿಡೂದನ್ನ ಅಪರಾಧ ಅಂತ ಹೇಳಿತ್ತು. ಆದ್ರ ಮನಿ ಮನಿಗೆ ಹೋಗಿ "ನಾ ಪಟ್ಟದ್ದು ನಿನ್ನ ಮಗಳು ಪಡೂದು ಬ್ಯಾಡ, ಸಾಲಿಗೆ ಕಳಸು" ಅನ್ನಾಕ ಅದನ್ನ ಉಂಡವರ ಬಾಯಿನ ಬೇಕಿತ್ತು. ಅರ್ಜಿ ಹಾಳ್ಯಾಗ ತಂದಿ ಹೆಸರು ಅಂತ ಕೇಳಿದಾಗ ತಾಯಿ ಎದಿ ಹೆಂಗ ಧಸಕ್ಕ ಅಂತೈತಿ ಅನ್ನೂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ನೆನಪು ಮಾಡಕೋರಿ. 1989ರಾಗ ಮಹಿಳಾ ಸಮಖ್ಯಾ ನಮ್ಮ ರಾಜ್ಯದಾಗ ಸುರು ಆದದ್ದು ಮೂರು ಜಿಲ್ಲಾದಾಗ: ಬಿಜಾಪುರ, ಬೀದರ, ಮೈಸೂರು. ಆವಾಗ ಬಾಗಲಕೋಟ ಬ್ಯಾರೆ ಜಿಲ್ಲಾ ಆಗಿರಲಿಲ್ಲ, ಅದು ಆದದ್ದು 1997ರಾಗ. ನಮ್ಮ ತಾಲೂಕುಗಳು ಬಿಜಾಪುರದೊಳಗ ಇದ್ದುವು. ಬಡ ಹೆಂಗಸರು ಸಂಘ ಕಟ್ಟಿ, ತಮ್ಮ ಊರಿಗೆ ಏನ ಬೇಕು ಅಂತ ತಾವ ಮಾತಾಡಿ ನಿರ್ಧಾರ ಮಾಡೂದು ಅದರ ಬುನಾದಿ. ಅಕ್ಷರ ಬರೂಕಿಂತ ಮೊದಲ ಮಾತು ಬಂತು, ಮಾತು ಬಂದ ಮ್ಯಾಲ ಅಕ್ಷರ ಬೇಕು ಅನಿಸ್ತು.

ಓದು ಬರಂಗಿಲ್ಲ ಅನ್ನೂದು ನೆಪ ಅಂತ ನಾ ಯಾಕ ಅಂತೀನಿ ಅಂದ್ರ, ಸಾಲ್ಯಾಗ ತಾಯಿಗೆ ಗೊತ್ತಾಗೋ ಲೆಕ್ಕ ಬಾಳ ಐತಿ. ಬಿಸಿಯೂಟ ನಮ್ಮ ರಾಜ್ಯಕ್ಕ 2002ರಾಗ ಅಕ್ಷರ ದಾಸೋಹ ಅಂತ ಬಂತು, 2013ರಾಗ ಕ್ಷೀರಭಾಗ್ಯದ ಹಾಲು ಬಂತು, ಈಗ ತತ್ತಿ, ಬಾಳಿಹಣ್ಣು ಅದಾವು. ನೂರು ಹುಡುಗರ ಸಾರಿಗೆ ಹಾಕಿದ ಬ್ಯಾಳಿ ಸಾಕಾತೋ ಇಲ್ಲೋ ಅನ್ನೂದನ್ನ ಒಂದು ಸೌಟು ಎತ್ತಿ ನೋಡಿದ್ರ ಹೇಳ್ತಾಳ ಆಕಿ. ಯಾವ ಆಡಿಟರನಿಗೂ ಅದು ಬರಂಗಿಲ್ಲ. ಹೆಣ್ಣುಮಕ್ಕಳ ಸಂಡಾಸಕ್ಕ ನೀರು ಐತಿಲ್ಲ ಅಂತ ಗಂಡ ಸದಸ್ಯ ಕೇಳೂದ ಇಲ್ಲ. ಮಗಳು ಮಧ್ಯಾಹ್ನ ನೀರ ಕುಡೀದ ಮನಿಗೆ ಬರೂದನ್ನ ನೋಡಿದ ತಾಯಿ ಕೇಳ್ತಾಳ.

ಇನ್ನ ನಮ್ಮ ಪಾಳಿ. ನಾವು ಸಂಘ ಮಾಡ್ತೀವಿ, ಛಲೋ ಮನಸಿನಿಂದನ ಮಾಡ್ತೀವಿ. ಪಾಟಿ, ಪುಸ್ತಕ, ಸ್ವೆಟರ್ ಹಂಚತೀವಿ. ಅಧ್ಯಕ್ಷಿಣಿ, ಕಾರ್ಯದರ್ಶಿ ಎಲ್ಲಾ ನಾವ ಆಗ್ತೀವಿ. ತಗೊಳ್ಳೋ ತಾಯಿ ಸಾಲಿನ್ಯಾಗ ನಿಂತಿರ್ತಾಳ, ಆಕಿ ಹೆಸರು ನಮಗ ಗೊತ್ತಿರೂದಿಲ್ಲ. ಮುಂದಿನ ವರ್ಷ ನಮಗ ಬ್ಯಾಸರ ಆದ್ರ ಸಂಘ ನಿಂತು ಹೋಗ್ತೈತಿ, ಆಕಿಗೆ ಏನೂ ಉಳೀದಿಲ್ಲ. ಅದರ ಬದಲಿ ಆಕಿನ್ನ ಖುರ್ಚಿ ಮ್ಯಾಲ ಕೂಡಸ್ರಿ, ನಾವು ಬಾಜೂಕ ಕುಂತು ಅರ್ಜಿ ಬರಕೊಡೂಣು, ಲೆಕ್ಕದ ಹಾಳಿ ಓದಿ ಹೇಳೂಣು, ಮೀಟಿಂಗ್ ದಿನ ಆಕಿ ಸಣ್ಣ ಕೂಸು ಹಿಡಕೊಳ್ಳೂಣು. ಇದೂ ದೊಡ್ಡ ಕೆಲಸ. ಫೋಟೋದಾಗ ಬರಂಗಿಲ್ಲ, ಅಷ್ಟ.

ಖುರ್ಚಿ ಮ್ಯಾಲ ಕುಂತಾಕಿಗೂ ನಾಕು ಮಾತು ಅದಾವು. ಮೀಟಿಂಗ್ ಕೂಲಿ ತಪ್ಪೋ ಹೊತ್ತಿನ್ಯಾಗ ಇಡಬ್ಯಾಡ್ರಿ, ಸಂಜಿಕಿ ಇಲ್ಲಾ ಸಂತಿ ರಜಾ ದಿನ ಇಡ್ರಿ. ಠರಾವ್ ಗಟ್ಟಿಯಾಗಿ ಓದಿಸಿ, ಆಮ್ಯಾಲನ ಸಹಿ ಮಾಡ್ರಿ. ಹೆಬ್ಬಟ್ಟಾದ್ರೂ ಅಲ್ಲೇ ಒತ್ರಿ, ಬುಕ್ಕು ಮನಿಗೆ ಬರೂದು ಬಂದ್ ಮಾಡ್ರಿ. ಕೂಸು ಮೂರು ದಿನ ಸಾಲಿಗೆ ಬರದಿದ್ರ ನಾಕನೇ ದಿನ ಆ ಮನಿ ಬಾಗಿಲಿಗೆ ಇಬ್ಬರು ತಾಯಂದಿರು ಹೋಗ್ರಿ. ಕೂಸಿಗೆ ಹೊಡತ, ದುಡತ, ಮದವಿ ಅನ್ನೋ ಸಂಶಯ ಬಂದ್ರ 1098ಕ್ಕ ಫೋನ್ ಮಾಡ್ರಿ. ವರ್ಷಕ್ಕೊಮ್ಮೆ ಪಂಚಾಯತಿ ಮಕ್ಕಳ ಗ್ರಾಮಸಭೆ ಕರದಾಗ ಮಕ್ಕಳನ್ನ ಬರೇ ಹಾಡಿಗೆ ನಿಲ್ಲಸಬ್ಯಾಡ್ರಿ, ಅವರ ಮಾತು ಬರಕೊಳ್ರಿ. ನಿಮ್ಮ ಅವಧಿ ಮುಗೀತಂದ್ರ ಇನ್ನೊಬ್ಬಾಕಿಗೆ ಬಿಟ್ಟುಕೊಡ್ರಿ. ಹತ್ತು ವರ್ಷ ಒಬ್ಬಾಕಿನ ಕುಂತ್ರ ಅದು ಸಮಿತಿ ಅಲ್ಲ, ವತನ.

ಮಾಸ್ತರ್ರು, ಅಕ್ಕೋರು ಇದಕ್ಕ ಅಂಜಬೇಕಿಲ್ಲ. ಮಾಸ್ತರ್ರು ಸಾಲ್ದ ಬಿದ್ದ ಸಾಲಿಗೆ ಮಾಸ್ತರ್ರನ್ನ ಕೊಡ್ರಿ ಅಂತ ಸರಕಾರಕ್ಕ ಕೇಳೋ ದನಿ ತಾಯಂದಿರದ. ವಿ.ಪಿ. ನಿರಂಜನಾರಾಧ್ಯ ಅವರ ಜೊತಿ ಎಸ್‌ಡಿಎಂಸಿಗಳ ಸಮನ್ವಯ ವೇದಿಕೆ ರಾಜ್ಯಮಟ್ಟದಾಗ ಸರಕಾರಿ ಸಾಲಿ ಉಳಸ್ರಿ ಅಂತ ಕೇಳಕೋತ ಬಂದೈತಿ. ಆ ದನಿಗೆ ಬಲ ಬರೂದು ಕೆಳಗ ನಮ್ಮ ನಮ್ಮ ಊರಿನ ಸಮಿತಿ ಜೀವಂತ ಇದ್ರ ಮಾತ್ರ.

ನಿಮ್ಮ ಓಣಿ ಸಾಲಿ ಸಮಿತಿಯೊಳಗ ಯಾವ ಯಾವ ಹೆಂಗಸರ ಹೆಸರು ಐತಿ ಅಂತ ಈ ವಾರ ಹೋಗಿ ಕೇಳ್ರಿ. ಆಮ್ಯಾಲ ಅವರ ಮನಿಗೆ ಹೋಗಿ, "ಮುಂದಿನ ಮೀಟಿಂಗಿಗೆ ನೀವ ಬರ್ರಿ ಬಾಯಾರ, ನಾ ಜೊತಿ ಬರ್ತೀನಿ" ಅನ್ರಿ. ಗಂಡಸರು ಏನರ ಅಂದ್ರ, ಬೋರ್ಡ್ ಮ್ಯಾಲ ಯಾರ ಹೆಸರು ಐತಿ ಅಂತ ಕೇಳ್ರಿ.